ಸಿಪಾಯಿ ಯಲ್ಲಾರಿಯ ಎರಡನೇ ಪಂಚನಾಮೆ

೧೯೬೩ರ ಫೆಬ್ರುವರಿ ೧೮, ಸೋಮವಾರ. ಬೆಳಗಿನ ಹತ್ತೂವರೆಗೆ ಕಲ್ಲೋಳಿಯ ಉದ್ದವ್ವ ಗೋಕಾಕ ಠಾಣೆಗೆ ಬಂದು, ಸಬ್ ಇನ್‌ಸ್ಪೆಕ್ಟರ್ ಗುರುಲಿಂಗಪ್ಪನವರ ಮೇಜಿನ ಮೇಲೆ ಒಂದು ಕಾಗದ ಇಟ್ಟಳು. ಅದು ಅವಳ ಮಗನ ಪಲ್ಟನ್ನಿನಿಂದ ಬಂದದ್ದು. ಚೀನಾ ಯುದ್ಧಕ್ಕೆ ಕರೆ ಬಂದಾಗ ಸಿಪಾಯಿ ಯಲ್ಲಾರಿ ಹೆದರಿ, ಕರ್ತವ್ಯ ತಪ್ಪಿಸಿಕೊಳ್ಳಲು ರೈಲಿಗೆ ಬಿದ್ದು ಸತ್ತಿದ್ದಾನೆ ಎಂದು ಅದರಲ್ಲಿತ್ತು. ಆಧಾರ, ಗೋಕಾಕ ಪೊಲೀಸರ ಪಂಚನಾಮೆ.

"ಆ ಪಂಚನಾಮೆ ಯಾರು ಬರದಾರ್ರಿ, ಸಾಹೇಬ್ರ?"

ಬರೆದವರು ಗುರುಲಿಂಗಪ್ಪನವರೇ. ಅವರು ಕಾಗದವನ್ನು ಮಡಚಿಟ್ಟರು.

"ನನ್ನ ಮಗ ಅಂಜಿ ಸತ್ತಾವಲ್ಲರಿ. ಅವನ್ನ ಕೊಂದಾರ. ಬರಕೊಳ್ರಿ."

"ಯಾರ ಮ್ಯಾಲ ಸಂಶಯ?"

"ಅವನ ಜೋಡಿ ಹೋದ ಅಣ್ಣಪ್ಪನ ಮ್ಯಾಲ. ಹೆಣದ ಹತ್ರ ನಿಂತಾಗ ಅಣ್ಣಪ್ಪನ ಕೈಗೆ ಸುತ್ತಿದ್ದ ಟವೆಲ್ ನನ್ನ ಮಗಂದು. ಸೊಸಿ ಕೆಂಪು ದಾರದಾಗ ಹೆಸರು ಹಾಕಿದ್ಲು."

"ಅವತ್ತ ಯಾಕ ಹೇಳಲಿಲ್ಲ?"

"ಹೇಳೀನ್ರಿ. ನೀವು, ಆಚಿ ಸರಿ, ಗದ್ದಲ ಮಾಡಬ್ಯಾಡ ಅಂದ್ರಿ."

ಗುರುಲಿಂಗಪ್ಪನವರಿಗೆ ನೆನಪಿತ್ತು. ಮರೆತಿದ್ದೇನೆ ಎಂದು ತಮಗೆ ತಾವೇ ಹೇಳಿಕೊಂಡು ಮೂರು ತಿಂಗಳು ಕಳೆದಿದ್ದರು, ಅಷ್ಟೇ.

ದಫೇದಾರ ರಾಯಪ್ಪ ಹಳೆಯ ಕಡತ ತಂದ. ನವೆಂಬರ್ ೯ರ ಬೆಳಿಗ್ಗೆ ಘಟಪ್ರಭಾ ಸ್ಟೇಷನ್ನಿಗೆ ಎರಡು ಮೈಲಿ ದೂರದಲ್ಲಿ ಹಳಿಯ ಮೇಲೆ ಹೆಣ ಸಿಕ್ಕಿತ್ತು. ಅದೇ ಊರಿನ, ಅದೇ ಪಲ್ಟನ್ನಿನ ಅಣ್ಣಪ್ಪ ಹೇಳಿಕೆ ಕೊಟ್ಟಿದ್ದ: ರಜೆಯ ಮೇಲಿದ್ದ ಇಬ್ಬರಿಗೂ ಪಲ್ಟನ್ನಿಗೆ ಮರಳಲು ತಾರು ಬಂತು, ಹಿಂದಿನ ದಿನ ಮಧ್ಯಾಹ್ನ ನಡೆದು ಹೊರಟೆವು, ಸಂಜೆ ಆರೂಕಾಲಿನ ಪ್ಯಾಸೆಂಜರಿಗೆ ಯಲ್ಲಾರಿ ಹಾರಿದ, ನಾನು ಗಾಬರಿಯಾಗಿ ಊರಿಗೆ ಓಡಿದೆ. ಅಣ್ಣಪ್ಪನದು ದೊಡ್ಡ ಮನೆತನ. ಗುರುಲಿಂಗಪ್ಪನವರು ಅವನಿಗೆ ಸ್ಟೇಷನ್ನಿನಲ್ಲಿ ಕುರ್ಚಿ ಹಾಕಿಸಿ, ಚಹಾ ತರಿಸಿ ಬರೆದುಕೊಂಡಿದ್ದರು. ಸತ್ತವನು ಕೆಳಗಿನ ಕೇರಿಯವನು. ನಾಲ್ಕು ಮಾರು ದೂರ ನಿಂತು ಅರ್ಧ ಗಂಟೆಯಲ್ಲಿ ಪಂಚನಾಮೆ ಮುಗಿಸಿ, 'ಸಂಶಯವಿಲ್ಲ' ಎಂದು ಬರೆದಿದ್ದರು. ಹೆಣ ಕೊಯ್ಯಿಸಿ ಪರೀಕ್ಷೆ ಮಾಡಿಸಿರಲಿಲ್ಲ.

"ಎಫ್.ಐ.ಆರ್. ಬರಿ ರಾಯಪ್ಪ. ಮುನ್ನೂರಾ ಎರಡು, ಕೊಲಿ."

"ಸಾಹೇಬ್ರ, ಮೊದಲಿಂದು ನಿಮ್ಮ ಸಹೀದು. ಮ್ಯಾಲಿನವ್ರು ನಿಮ್ಮನ್ನ ಕೇಳತಾರ."

"ಕೇಳಲಿ."

ಮರುದಿನ ಘಟಪ್ರಭಾ. ಸ್ಟೇಷನ್ ಮಾಸ್ತರರು ನವೆಂಬರಿನ ರೈಲುಗಳ ನೋಂದಣಿ ಪುಸ್ತಕ ತೆಗೆದು ಬೆರಳಿಟ್ಟು ತೋರಿಸಿದರು.

"ಎಂಟನೇ ತಾರೀಖು ಆರೂಕಾಲಿನ ಪ್ಯಾಸೆಂಜರ್ ಬರಲೇ ಇಲ್ಲ. ಸೈನ್ಯದ ಗಾಡಿಗೋಸ್ಕರ ಹಳಿ ಖಾಲಿ ಇಟ್ಟಿದ್ವಿ. ಆ ಗಾಡಿ ದಾಟಿದ್ದು ನಸುಕಿನ್ಯಾಗ, ಎರಡೂ ಇಪ್ಪತ್ತಕ್ಕ."

"ಅದರ ನಡುವ ಬ್ಯಾರೆ ಗಾಡಿ?"

"ಒಂದೂ ಇಲ್ಲರಿ. ನೀವು ಅವತ್ತ ಕೇಳಿದ್ರ ಅವತ್ತ ಹೇಳತಿದ್ವಿ."

ಅಣ್ಣಪ್ಪ ಇಲ್ಲದ ರೈಲನ್ನು ಕಂಡಿದ್ದ. ಆ ಇಲ್ಲದ ರೈಲಿಗೆ ಗುರುಲಿಂಗಪ್ಪನವರು ಸಹಿ ಹಾಕಿದ್ದರು.

ಫೆಬ್ರುವರಿ ೨೦ರಂದು ತಹಶೀಲ್ದಾರರ ಮತ್ತು ಸರಕಾರಿ ಡಾಕ್ಟರರ ಎದುರಿಗೆ ಕಲ್ಲೋಳಿಯಲ್ಲಿ ಯಲ್ಲಾರಿಯನ್ನು ಹೂತ ಗುಂಡಿ ತೆಗೆಸಿದರು. ಈ ಸಲ ಗುರುಲಿಂಗಪ್ಪನವರು ಗುಂಡಿಯ ಅಂಚಿನಲ್ಲೇ ಕುಳಿತರು. ಗಾಡಿ ಹಾಯ್ದದ್ದು ಸೊಂಟದ ಮೇಲೆ. ಆದರೆ ತಲೆಬುರುಡೆ ಹಿಂಬದಿಯಲ್ಲಿ ಒಂದೇ ಕಡೆ ಒಳಕ್ಕೆ ಕುಸಿದಿತ್ತು. "ಕಲ್ಲಿನ ಪೆಟ್ಟು" ಎಂದರು ಡಾಕ್ಟರರು. ಉದ್ದವ್ವ ಸೊಸೆಯ ಕೈಹಿಡಿದು ನಿಂತಿದ್ದಳು. ಈ ಸಲ ಅವಳಿಗೆ ಯಾರೂ ಆಚೆ ಸರಿ ಎನ್ನಲಿಲ್ಲ.

ಸೊಸೆ ಸತ್ತೆವ್ವನ ಹೇಳಿಕೆಯನ್ನು ಗುರುಲಿಂಗಪ್ಪನವರು ಸ್ವತಃ ಬರೆದುಕೊಂಡರು.

"ಟವೆಲ್ ಯಾವಾಗ ಕೊಟ್ಟಿ?"

"ಹೊಂಡೂ ಹೊತ್ತಿನ್ಯಾಗರಿ, ಮಧ್ಯಾಹ್ನ. ಇಬ್ಬರಿಗೂ ಆಗೂವಷ್ಟು ರೊಟ್ಟಿ ಅದರಾಗ ಕಟ್ಟಿದ್ದೆ."

೨೧ರ ಬೆಳಿಗ್ಗೆ ಅಣ್ಣಪ್ಪನನ್ನು ಠಾಣೆಗೆ ಕರೆಸಿದರು. ಬಲಗೈ ತೋರುಬೆರಳಿರಲಿಲ್ಲ. ಬಂದೂಕಿನ ಕುದುರೆ ಒತ್ತಲಾಗದವನೆಂದು ಪಲ್ಟನ್ನು ಅವನನ್ನು ಬಿಟ್ಟು ಕಳಿಸಿತ್ತು. ಜನವರಿ ೨೬ರಂದು ಊರ ಸಾಲೆಯಲ್ಲಿ ಅವನಿಗೆ ಹಾರ ಹಾಕಿದ್ದರು. ಒಳಗೆ ಬಂದವನೇ ಕುರ್ಚಿಗಾಗಿ ನೋಡಿದ.

"ನಿಂತ ಹೇಳು. ಬೆರಳು ಯಾವಾಗ ಹೋತು?"

"ಅವತ್ತ ಮುಂಜಾನೆ, ಮನ್ಯಾಗ ದನಕ್ಕ ಕಣಕಿ ಕಡಿಯೂವಾಗ. ನಿಮಗ ಆಗ ಹೇಳೀನಲ್ರಿ."

"ಏನು ಸುತ್ತಿಕೊಂಡಿದ್ದಿ?"

"ಯಲ್ಲಾರಿ ಟವೆಲ್. ಮುಂಜಾನೆನ ಕೊಟ್ಟಿದ್ದ."

"ಮಧ್ಯಾಹ್ನ ಅದರಾಗ ರೊಟ್ಟಿ ಇತ್ತು."

ಅಣ್ಣಪ್ಪ ಬಲಗೈಯನ್ನು ಬೆನ್ನ ಹಿಂದೆ ಸರಿಸಿದ.

"ಅವತ್ತ ಪ್ಯಾಸೆಂಜರ್ ಬಂದಿಲ್ಲ. ಯಾವ ಗಾಡಿಗೆ ಹಾರಿದ?"

ಅವನು ನೆಲ ನೋಡುತ್ತ ಹೇಳಿದ.

"ಕುಡಗೋಲು ಮನಿಯಿಂದನ ಪೆಟಿಗ್ಯಾಗ ಇಟಗೊಂಡು ಬಂದಿದ್ದೆ. ಹಳಿ ಬಾಜೂಕ ಕುಂತು ರೊಟ್ಟಿ ತಿಂದ್ವಿ. ಅವ ನೀರಿಗೆ ಹೋದಾಗ ಬೆರಳು ಕಡಕೊಂಡೆ. ಅವ ಓಡಿ ಬಂದು ಟವೆಲ್ ಸುತ್ತಿದ. ಎಲ್ಲಾ ತಿಳೀತು ಅವಗ."

"ಪಲ್ಟನ್ದಾಗ ಹೇಳತೀನಿ ಅಂದನ?"

"ಇಲ್ಲರಿ." ಅಣ್ಣಪ್ಪ ಅಳತೊಡಗಿದ. "ಹಂಗಂದಿದ್ರ ಕೈ ಮುಗೀತಿದ್ದೆ. ಅವ ನನ್ನ ಹೆಗಲ ಮ್ಯಾಲ ಕೈ ಇಟ್ಟು, ಯಾರಿಗೂ ಹೇಳೂದಿಲ್ಲ ಅಣ್ಣಪ್ಪ, ಅಂಜಿಕಿ ಎಲ್ಲಾರಿಗೂ ಇರತೈತಿ, ನನಗೂ ಐತಿ ಅಂದ. ನಮ್ಮ ಅಂಗಳದಾಗ ಕಾಲಿಡದಾವ ನನಗ ಸಮಾಧಾನ ಹೇಳಾಕತ್ತಿದ್ದ. ಇನ್ನ ಸಾಯೂತನಕ ಅವನ ಮಾರಿ ಹೆಂಗ ನೋಡ್ಲಿ ಅನಿಸ್ತು. ನಿನ್ನ ಪೆಟಿಗಿನೂ ನಾನ ಹೊರತೀನಿ ಅಂತ ಬಗ್ಗಿದ. ಎಡಗೈಯಾಗ ಕಲ್ಲು ತಗೊಂಡೆ."

ಹೆಣವನ್ನು ಹಳಿಯ ಮೇಲೆ ಎಳೆದು ಹಾಕಿದ್ದನ್ನೂ ಅವನು ಹೇಳಿದ. ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ ಬಂಧನವನ್ನು ಡೈರಿಯಲ್ಲಿ ಬರೆದು, ಈ ಮಾತನ್ನೇ ಮ್ಯಾಜಿಸ್ಟ್ರೇಟರ ಮುಂದೆ ಹೇಳಲು ಅವನನ್ನು ರಾಯಪ್ಪನ ಜೊತೆ ಕಳಿಸಿದರು. ಆಮೇಲೆ ಗುರುಲಿಂಗಪ್ಪನವರು ಪಲ್ಟನ್ನಿಗೆ ಪತ್ರ ಬರೆದರು. ಮೊದಲ ಸಾಲಿನಲ್ಲಿ ತಮ್ಮ ಪಂಚನಾಮೆ ಸುಳ್ಳೆಂದು ಬರೆದರು. 'ತಪ್ಪು' ಎಂಬ ಪದ ಮೊದಲು ಬಂದಿತ್ತು, ಅದನ್ನು ಹೊಡೆದುಹಾಕಿದರು.

ಸಂಜೆ ನಾಲ್ಕಕ್ಕೆ ಅವರು ಕಲ್ಲೋಳಿಯ ಕೆಳಗಿನ ಕೇರಿಗೆ ಹೋಗಿ ಉದ್ದವ್ವನಿಗೆ ಎಲ್ಲವನ್ನೂ ಹೇಳಿದರು. ಅವಳು ಒಂದೇ ಕಡೆ ತಡೆದಳು.

"ತನಗೂ ಅಂಜಿಕಿ ಐತಿ ಅಂದ್ನ?"

"ಅಂದ್ನಂತವ್ವಾ. ಆದ್ರೂ ಹೊಂಟಿದ್ದ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ನನಗ ಹೇಳಿದ್ರ ಏನಾತ್ರಿ? ಅವನ್ನ ಹೇಡಿ ಅಂದಾವ್ರು ಚಾವಡಿ ಕಟ್ಟಿ ಮ್ಯಾಲ ಕುಂತಾರ. ಅಲ್ಲಿ ಹೇಳ್ರಿ."

ಗುರುಲಿಂಗಪ್ಪನವರು ಅವಳ ಹಿಂದೆ ನಡೆದರು. ಚಾವಡಿಯಲ್ಲಿ ಇಪ್ಪತ್ತು ಜನ ಇದ್ದರು. ಯಲ್ಲಾರಿಯ ಸಾವನ್ನು ಗುರುಲಿಂಗಪ್ಪನವರು ನೆಟ್ಟಗೆ ನಿಂತು ಹೇಳಿದರು. ಮೊದಲ ಪಂಚನಾಮೆ ಯಾರು ಬರೆದರೆಂದು ಹೇಳುವಾಗ ಮಾತ್ರ ತಲೆ ಎತ್ತಲಾಗಲಿಲ್ಲ. ಹಿಂದಿನಿಂದ ಯಾರೋ "ಕೇಳಸಲಿಲ್ಲರಿ" ಎಂದರು.

ಗುರುಲಿಂಗಪ್ಪನವರು ತಲೆ ಎತ್ತಿ ಇನ್ನೊಮ್ಮೆ ಹೇಳಿದರು.