ತಿರುಗಿ ಹೇಳಿದ ಖಾತೆ ನಂಬರು

ಗುರುವಾರ ಮಧ್ಯಾಹ್ನ ಒಂದು ಗಂಟೆ ಐವತ್ತೆರಡು ನಿಮಿಷಕ್ಕೆ ಠಾಣೆಯ ಮೆಟ್ಟಿಲು ಹತ್ತಿದ ಡಾಕ್ಟರಮ್ಮನ ತಲೆಯ ಮೇಲೆ ಆಪರೇಷನ್ ಥಿಯೇಟರಿನ ಹಸಿರು ಟೋಪಿ ಹಾಗೇ ಇತ್ತು. ಸಮಯವನ್ನು ಇಷ್ಟು ಕರಾರುವಾಕ್ಕಾಗಿ ಹೇಳಲು ಕಾರಣ ಹೆಡ್ ಕಾನ್‌ಸ್ಟೇಬಲ್. 'ಸುಮಾರು' ಎಂಬ ಮಾತು ಕಿವಿಗೆ ಬಿದ್ದರೆ ಆತನಿಗೆ ಮೈ ಉರಿಯುತ್ತದೆ. ಠಾಣೆಯವರೆಲ್ಲ ಆತನನ್ನು ನಿಮಿಷಪ್ಪ ಎಂದೇ ಕರೆಯುವುದು. ಈಗೀಗ ಹೆಂಡತಿಯೂ ಹಾಗೇ ಕರೆಯುತ್ತಾಳಂತೆ.

ಇನ್ಸ್‌ಪೆಕ್ಟರ್ ಊಟದ ಡಬ್ಬಿಯ ಮುಚ್ಚಳ ಮತ್ತೆ ಮುಚ್ಚಿದರು. ನಿವೃತ್ತಿಗೆ ಇನ್ನೆರಡು ವರ್ಷ. ಪೊಲೀಸ್ ಕ್ವಾರ್ಟರ್ಸ್ ಬಿಟ್ಟ ಮೇಲೆ ಎಲ್ಲಿರಬೇಕೆಂಬ ಪ್ರಶ್ನೆಗೆ ಉತ್ತರವಾಗಬೇಕಿದ್ದ ಮನೆ ಸಾಲದ ಅರ್ಜಿ ಆರು ತಿಂಗಳಿನಿಂದ ಡ್ರಾಯರಿನಲ್ಲಿ ಬಿದ್ದಿತ್ತು. ಆ ಕಡೆ ನೋಡುವುದಕ್ಕೂ ಅವರಿಗೆ ಬೇಸರ.

"ಕೂತ್ಕೊಳ್ಳಿ. ಏನಾಯ್ತು?"

"ದುಡ್ಡು ಹೋಯ್ತು. ನಾಲ್ಕು ಗಂಟೆಗೆ ಮನೆಯೂ ಹೋಗುತ್ತೆ."

ಆಕೆ ಮಕ್ಕಳ ಶಸ್ತ್ರಚಿಕಿತ್ಸೆಯ ವೈದ್ಯೆ. ವರ್ಗವಾಗಿ ಈ ಊರಿನ ದೊಡ್ಡಾಸ್ಪತ್ರೆಗೆ ಬಂದು ಹನ್ನೊಂದು ದಿನ. ಬೇರೆ ಊರಿನಿಂದ ಬರುವ ಡಾಕ್ಟರುಗಳಿಗೆಂದೇ ಬ್ಯಾಂಕಿನಲ್ಲಿ ಒಂದು ಮನೆ ಸಾಲವಿದೆ. ಮೊದಲ ಸಂಬಳ ಬರುವ ಮುನ್ನವೇ ನೇಮಕಾತಿ ಪತ್ರ ನೋಡಿ ಮಂಜೂರು ಮಾಡುತ್ತಾರೆ. ಹತ್ತರಲ್ಲಿ ಒಂದು ಪಾಲನ್ನು ಮಾತ್ರ ಕೈಯಿಂದ ಹಾಕಬೇಕು. ಹಳೇ ಊರಿನ ಮನೆ ಮಾರಿ ಅದನ್ನು ಹೊಂದಿಸಿದ್ದರು. ಇವತ್ತು ನಾಲ್ಕರೊಳಗೆ ಆ ಹಣ ಮನೆ ಮಾರುವವನ ಖಾತೆಗೆ ಬೀಳದಿದ್ದರೆ ಕರಾರು ರದ್ದು. ಎರಡನೇ ಗಿರಾಕಿ ಬಾಗಿಲಲ್ಲೇ ನಿಂತಿದ್ದಾನೆ. ಗಂಡ, ಇಬ್ಬರು ಮಕ್ಕಳು, ಸಾಮಾನಿನ ಲಾರಿ, ಎಲ್ಲ ದಾರಿಯಲ್ಲಿ.

"ನೀವೇ ಕಳಿಸಿದ್ರಾ?"

"ಹನ್ನೊಂದು ನಲವತ್ತಕ್ಕೆ. ಟೇಬಲ್ ಮೇಲೆ ಮಗು ಇತ್ತು. ಕೈಯಲ್ಲಿ ಗ್ಲೌಸ್. ಆಪರೇಷನ್ ಇನ್ನೂ ನಾಲ್ಕೈದು ಗಂಟೆ ಹಿಡಿಯೋ ಹಾಗಿತ್ತು, ಅಷ್ಟರಲ್ಲಿ ಗಡುವು ಮೀರಿದ್ರೆ ಅಂತ ಹೆದರಿಕೆ. ಸಿಸ್ಟರಿಗೆ ಫೋನಿನ ಗುಟ್ಟಿನ ನಂಬರ್ ಹೇಳಿದೆ. ಬ್ಯಾಂಕಿನ ಸಾಲದ ಅಧಿಕಾರಿ ಕಳಿಸಿದ ಮೆಸೇಜ್ ತೆಗೆದು ಖಾತೆ ನಂಬರ್ ಓದಿ ಅಂದೆ. ಅವರು ಒಂದೊಂದೇ ಅಂಕಿ ಓದಿದ್ರು, ನಾನು ತಿರುಗಿ ಹೇಳಿದೆ, ಅವರು 'ಸರಿ' ಅಂದ್ರು. ಆಮೇಲೇ ಒತ್ತಿಸಿದ್ದು."

"ತಿರುಗಿ ಹೇಳಿದ್ದು ಯಾಕೆ?"

"ಥಿಯೇಟರಿನ ನಿಯಮ. ಔಷಧದ ಪ್ರಮಾಣ, ರಕ್ತ ಒರೆಸಿದ ಹತ್ತಿಯುಂಡೆಗಳ ಲೆಕ್ಕ, ಯಾವುದೇ ಇರಲಿ, ಒಬ್ಬರು ಹೇಳಿದ್ದನ್ನ ಇನ್ನೊಬ್ಬರು ತಿರುಗಿ ಹೇಳಬೇಕು. ಹಾಗೆ ಮಾಡಿದ್ರೆ ತಪ್ಪಾಗೋದೇ ಇಲ್ಲ." ಆಕೆ ಆ ಮಾತನ್ನು ಹೇಳಿ ತಾವೇ ಬೆಚ್ಚಿದರು.

ಆಪರೇಷನ್ ಎಣಿಸಿದ್ದಕ್ಕಿಂತ ಬೇಗ ಮುಗಿದಿತ್ತು. ಹೊರಗೆ ಬಂದು ಮನೆ ಮಾರುವವನಿಗೆ ಫೋನ್ ಮಾಡಿದರೆ ಅವನ ಖಾತೆಗೆ ಹಣ ಬಂದೇ ಇರಲಿಲ್ಲ. ಇನ್ಸ್‌ಪೆಕ್ಟರ್ ಫೋನ್ ಈಸಿಕೊಂಡು ನೋಡಿದರು. ಅಧಿಕಾರಿಯ ಮೆಸೇಜಿನಲ್ಲಿ ಇದ್ದದ್ದು ಒಂದು ಖಾತೆ. ಹಣ ಹೋಗಿದ್ದು ಇನ್ನೊಂದಕ್ಕೆ. ಒಂದೆರಡು ಅಂಕಿಯಲ್ಲ, ಇಡೀ ನಂಬರೇ ಬೇರೆ.

"ಸಿಸ್ಟರ್ ಏನಂತಾರೆ?"

"'ಎರಡು ಮೆಸೇಜ್ ಇತ್ತು ಮೇಡಂ, ಆಮೇಲೆ ಬಂದಿದ್ದನ್ನ ಓದಿದೆ, ಬ್ಯಾಂಕಿನವರೇ ಅಳಿಸಿರಬೇಕು' ಅಂದ್ರು. ಸರ್, ಅದು ಆ ಅಧಿಕಾರಿ ಕೆಲಸವೇ."

ಎರಡು ಗಂಟೆ ಎಂಟು ನಿಮಿಷಕ್ಕೆ ಎಫ್‌ಐಆರ್ ದಾಖಲಾಯಿತು. ಹಣ ತಡೆಹಿಡಿಯುವಂತೆ ಬ್ಯಾಂಕಿಗೆ ಪತ್ರ ಹೋಯಿತು. ಇಂಥ ಪ್ರಕರಣಗಳಲ್ಲಿ ಹಣ ಅರ್ಧ ಗಂಟೆಯಲ್ಲಿ ಐದಾರು ಖಾತೆ ದಾಟಿ ಮಾಯವಾಗುವುದನ್ನು ಇನ್ಸ್‌ಪೆಕ್ಟರ್ ಎಷ್ಟೋ ಸಲ ಕಂಡಿದ್ದರು. ಆಗಲೇ ಎರಡೂವರೆ ಗಂಟೆ ಕಳೆದಿತ್ತು. ಡಾಕ್ಟರಮ್ಮನನ್ನು ಆಸ್ಪತ್ರೆಗೆ ಕಳಿಸಿ, ನಿಮಿಷಪ್ಪನನ್ನು ಕರೆದುಕೊಂಡು ಹೊರಟರು.

ಬ್ಯಾಂಕು ಎರಡು ಬೀದಿ ಆಚೆ. ಸಾಲದ ಅಧಿಕಾರಿ ಪೊಲೀಸರನ್ನು ಕಂಡದ್ದೇ ಕುರ್ಚಿಯಿಂದ ಎದ್ದು, ಕೂತು, ಮತ್ತೆ ಎದ್ದ.

"ಎಷ್ಟು ಮೆಸೇಜ್ ಕಳಿಸಿದ್ರಿ?"

"ಒಂದೇ ಸರ್. ಹತ್ತೂ ಐದಕ್ಕೆ. ನೋಡಿ, ನನ್ನ ಫೋನೇ ಇಟ್ಕೊಳ್ಳಿ."

ನಿಮಿಷಪ್ಪ ಫೋನ್ ಕಂಪನಿಯಿಂದ ತರಿಸಿಕೊಂಡ ಪಟ್ಟಿಯೂ ಅದನ್ನೇ ಹೇಳುತ್ತಿತ್ತು. ಹತ್ತೂ ಐದಕ್ಕೆ ಒಂದು ಮೆಸೇಜು. ಹನ್ನೊಂದು ನಲವತ್ತೊಂದಕ್ಕೆ ಹಣ ಕಳಿಸಲು ಬ್ಯಾಂಕಿನ ಕಂಪ್ಯೂಟರು ಕೊಟ್ಟ ಒಟಿಪಿ ಸಂಕೇತ. ನಡುವೆ ಏನೂ ಇಲ್ಲ.

"ಈ ಸಾಲ ಆಸ್ಪತ್ರೆಯವರಿಗೆಲ್ಲ ಕೊಡ್ತೀರಾ?" ಇನ್ಸ್‌ಪೆಕ್ಟರ್ ಸುಮ್ಮನೆ ಕೇಳಿದರು. ಕೇಳಿದ್ದು ಅರ್ಧ ತಮ್ಮ ಡ್ರಾಯರಿನ ಅರ್ಜಿಗಾಗಿ.

"ಇಲ್ಲ ಸರ್. 'ವೈದ್ಯಕೀಯ ವೃತ್ತಿಯವರಿಗೆ' ಅಂತ ಬೋರ್ಡ್ ಹಾಕಿದೀವಿ, ಪಟ್ಟೀಲಿ ಇರೋದು ಡಾಕ್ಟರು, ಹಲ್ಲಿನ ಡಾಕ್ಟರು ಮಾತ್ರ. ಪಾಪ, ಬೇರೆಯವರೂ ಬೋರ್ಡ್ ನೋಡಿ ಬರ್ತಾರೆ. ಒಬ್ಬರು ಥಿಯೇಟರ್ ಸಿಸ್ಟರಂತೂ ಮೂರು ಸಲ ಬಂದ್ರು. ಹದಿನೆಂಟು ವರ್ಷ ಸರ್ವೀಸು, ಆದ್ರೂ ವರ್ಷ ವರ್ಷ ಗುತ್ತಿಗೆ ನೌಕರಿ. ನಾನೇನು ಮಾಡ್ಲಿ?"

ಇನ್ಸ್‌ಪೆಕ್ಟರ್ ನಿಮಿಷಪ್ಪನ ಮುಖ ನೋಡಿದರು. ನಿಮಿಷಪ್ಪ ಆಗಲೇ ಬರೆದುಕೊಂಡಿದ್ದ.

ಎರಡು ಐವತ್ತೇಳಕ್ಕೆ ಬ್ಯಾಂಕಿನ ಕಂಪ್ಯೂಟರು ಹೇಳಿದ ಸುದ್ದಿ ಯಾರೂ ನಿರೀಕ್ಷಿಸಿರದ್ದು. ಹಣ ಬಿದ್ದ ಖಾತೆಯಲ್ಲೇ ಅಲುಗಾಡದೆ ಕೂತಿತ್ತು. ಖಾತೆ ಒಂದು ಕಟ್ಟಡ ಸಂಸ್ಥೆಯದು.

"ಕದ್ದ ದುಡ್ಡು ಹೀಗೆ ಒಂದ್ಕಡೆ ಕೂತಿದ್ದು ನೋಡಿದೀಯೇನಯ್ಯಾ?"

"ಇಲ್ಲ ಸರ್. ಓಡೋಕೆ ಜಾಗ ಇಲ್ದೇ ಇರೋರು ಮಾತ್ರ ಹೀಗೆ ಕೂರೋದು."

ತಡೆಯಾಜ್ಞೆ ಹಾಕಿಸಿ ಇಬ್ಬರೂ ಕಟ್ಟಡ ಸಂಸ್ಥೆಯ ಕಚೇರಿಗೆ ಧಾವಿಸಿದರು. ಗಾಜಿನ ಪೆಟ್ಟಿಗೆಯಲ್ಲಿ ಆಟಿಕೆಯಂಥ ಮನೆಗಳನ್ನು ಜೋಡಿಸಿಟ್ಟಿದ್ದರು. ಬುಕಿಂಗ್ ನೋಡಿಕೊಳ್ಳುವ ಹುಡುಗಿ ಆ ಹಣ ಯಾವ ಫ್ಲ್ಯಾಟಿಗೆ ಜಮೆಯಾಗಿದೆಯೆಂಬ ದಾಖಲೆ ತೆಗೆದಳು. ಒಂದು ಮಲಗುವ ಕೋಣೆಯ ಫ್ಲ್ಯಾಟು, ನೆಲಮಹಡಿ. ಮೊದಲ ಕಂತು ದೊಡ್ಡದಾಗಿ ಕಟ್ಟಿದರೆ ಬ್ಯಾಂಕಿನ ಸಾಲ ಬೇಡ, ಉಳಿದದ್ದನ್ನು ತಿಂಗಳ ಕಂತಿನಲ್ಲಿ ಸಂಸ್ಥೆಗೇ ಕಟ್ಟಬಹುದು. ಆ ಸವಲತ್ತಿಗೂ ಇವತ್ತೇ ಕೊನೇ ದಿನ. ಬುಕಿಂಗ್ ಆಗಿದ್ದು ಎಪ್ಪತ್ತೊಂಬತ್ತು ವರ್ಷದ ಒಬ್ಬ ಅಜ್ಜಿಯ ಹೆಸರಿನಲ್ಲಿ. ವಿಳಾಸ: ಆಸ್ಪತ್ರೆಯ ಕ್ವಾರ್ಟರ್ಸ್, ನಂಬರ್ ಏಳು.

ಜೀಪಿನಲ್ಲಿ ಕೂತೇ ಇನ್ಸ್‌ಪೆಕ್ಟರ್ ಮನೆ ಮಾರುವವನಿಗೆ ಫೋನ್ ಹಚ್ಚಿದರು. ಗಂಟೆ ಮೂರು ಮೂವತ್ತಾರು.

"ಹಣ ಎಲ್ಲೂ ಹೋಗಿಲ್ಲ ಸ್ವಾಮಿ. ಕೋರ್ಟಿನಿಂದ ಬಿಡಿಸಿಕೊಳ್ಳೋಕೆ ಎರಡು ಮೂರು ದಿನ ಬೇಕು."

"ಕರಾರು ಅಂದ್ರೆ ಕರಾರಲ್ವಾ ಸಾರ್?"

"ಹೌದು. ಆಕೆ ಇವತ್ತು ಒಂದು ಮಗು ಉಳಿಸಿ ಬಂದು ನನ್ನೆದುರು ಅಳ್ತಾ ಕೂತಿದ್ರು. ಅದಕ್ಕೇ ಕೇಳ್ತಿದೀನಿ."

ತಮ್ಮದೇ ಮನೆ ಕೈತಪ್ಪುತ್ತಿದೆಯೇನೋ ಎಂಬಂತೆ ಇನ್ಸ್‌ಪೆಕ್ಟರ್ ಫೋನನ್ನು ಕಿವಿಗೆ ಒತ್ತಿ ಹಿಡಿದರು. ಕೊನೆಗೆ, "ಸೋಮವಾರ ಸಂಜೆ. ಅದಕ್ಕಿಂತ ಒಂದು ಗಂಟೆ ಜಾಸ್ತಿ ಕೇಳಬೇಡಿ" ಎಂಬ ಉತ್ತರ ಬಂತು.

ಕ್ವಾರ್ಟರ್ಸ್ ನಂಬರ್ ಏಳರ ಬಾಗಿಲು ತೆರೆದೇ ಇತ್ತು. ಒಂದೇ ಕೋಣೆ, ಮೂಲೆಯಲ್ಲಿ ಗುರುಗುಟ್ಟುವ ಆಮ್ಲಜನಕದ ಯಂತ್ರ, ಮಂಚದ ಮೇಲೆ ಅಜ್ಜಿ. ಕಪಾಟಿನ ಬಟ್ಟೆಗಳೆಲ್ಲ ಆಗಲೇ ಗಂಟುಮೂಟೆಯಾಗಿದ್ದವು.

"ಅಜ್ಜೀ, ಮನೆ ಬುಕ್ ಮಾಡಿದೀರಂತೆ?"

"ನಾನೆಲ್ಲಿ ಮಾಡ್ಲಪ್ಪಾ? ಎಲ್ಲಾ ನನ್ನ ಸೊಸೆದು. ಮಗ ಹೋದ್ಮೇಲೆ ಅವಳೇ ನನಗೆ ಮಗ. ಮಧ್ಯಾಹ್ನ ಓಡಿ ಬಂದ್ಲು, 'ಅತ್ತೆ, ನೆಲಮಹಡಿ ಸಿಕ್ತು, ಮೆಟ್ಟಿಲು ಹತ್ತೋದಿಲ್ಲ' ಅಂದ್ಲು. ಅಳ್ತಾ ಹೇಳಿದ್ಲು. ಸಂತೋಷಕ್ಕೆ ಇರಬೇಕು."

ಇನ್ಸ್‌ಪೆಕ್ಟರ್ ದಿಂಬಿನ ಪಕ್ಕ ಮಡಚಿಟ್ಟಿದ್ದ ಆಸ್ಪತ್ರೆಯ ನೋಟಿಸನ್ನು ಓದಿ, ಅಕ್ಕಪಕ್ಕದ ಇಬ್ಬರನ್ನು ಪಂಚರಾಗಿ ಕರೆಸಿದರು. ನೋಟಿಸು ಜಪ್ತಿ ಮಾಡಿದ ಪಂಚನಾಮೆ ನಾಲ್ಕು ಹತ್ತಕ್ಕೆ ಮುಗಿಯಿತು. ಅಜ್ಜಿಯನ್ನು ನೋಡಿಕೊಳ್ಳಲು ಪಕ್ಕದ ಮನೆಯಾಕೆ ತಾನಾಗೇ ಒಪ್ಪಿಕೊಂಡಳು.

ಸಿಸ್ಟರ್ ಥಿಯೇಟರಿನ ಹೊರಕೋಣೆಯಲ್ಲಿ ತೊಳೆದ ಕತ್ತರಿಗಳನ್ನು ಅಳತೆಯ ಪ್ರಕಾರ ಜೋಡಿಸುತ್ತಿದ್ದರು. ಐವತ್ತರ ಆಸುಪಾಸು. ಜೊತೆಗೆ ಬಂದಿದ್ದ ಮಹಿಳಾ ಪೇದೆಯನ್ನು ಕಂಡಾಗ ಕೈ ನಿಂತಿತು.

"ಎರಡನೇ ಮೆಸೇಜ್ ಬಂದಿತ್ತಾ?"

"ಬಂದಿತ್ತು."

"ಫೋನ್ ಕಂಪನಿ ಇಲ್ಲ ಅನ್ನುತ್ತೆ."

ಸಿಸ್ಟರ್ ಒಂದು ಕತ್ತರಿಯನ್ನು ಎತ್ತಿ ಅದರ ಜಾಗದಲ್ಲಿಟ್ಟರು.

"ನೆಲಮಹಡಿ ಯಾರಿಗೆ?"

ಆ ಪ್ರಶ್ನೆಗೆ ಸಿಸ್ಟರ್ ನಿಲುವಂಗಿಯ ಜೇಬಿನಿಂದ ಒಂದು ಚೀಟಿ ತೆಗೆದು ಮೇಜಿನ ಮೇಲಿಟ್ಟರು. ಕಟ್ಟಡ ಸಂಸ್ಥೆಯ ಖಾತೆ ನಂಬರು, ಅವರದೇ ದುಂಡು ಅಕ್ಷರ.

"ಮೊದಲೇ ಯೋಚಿಸಿದ್ರಾ?"

"ಇಲ್ಲ ಸರ್, ನನ್ನತ್ತೆ ಆಣೆ. ಬೆಳಿಗ್ಗೆ ಎಲ್ಲರ ಹತ್ರ ಸಾಲ ಕೇಳಿ ಬರಿಗೈಯಲ್ಲಿ ಬಂದಿದ್ದೆ. ಮೇಡಂ ನಂಬರ್ ಓದಿ ಅಂದ್ರು. ಒಂದು ಕೈಯಲ್ಲಿ ಅವರ ಫೋನು, ಇನ್ನೊಂದು ಕೈಗೆ ಜೇಬಲ್ಲಿ ಈ ಚೀಟಿ ತಾಕ್ತು. ಇದನ್ನ ಓದಿಬಿಟ್ಟೆ. ಅವರು ತಿರುಗಿ ಹೇಳುವಾಗ ಒಂದು ಅಂಕಿ ತಪ್ಪಿದ್ರೂ ನಿಲ್ಲಿಸಿಬಿಡ್ತಿದ್ದೆ. ತಪ್ಪಲೇ ಇಲ್ಲ. 'ಸರಿ' ಅಂದೆ. ಹದಿನೆಂಟು ವರ್ಷದಲ್ಲಿ ಆ ರೂಮಲ್ಲಿ ನಾನು ಹೇಳಿದ ಮೊದಲ ಸುಳ್ಳು."

ಹೆಂಗಸನ್ನು ಸೂರ್ಯ ಮುಳುಗುವ ಮೊದಲೇ ದಸ್ತಗಿರಿ ಮಾಡಬೇಕು. ಐದು ಮೂವತ್ತೈದಕ್ಕೆ ನಿಮಿಷಪ್ಪ ಸಮಯ ಬರೆದ. ಹೊರಡುವ ಮುನ್ನ ಸಿಸ್ಟರ್ ಬಾಗಿಲಲ್ಲಿ ನಿಂತು, "ನಾಳೆ ಮೊದಲನೇದು ಮೂರು ತಿಂಗಳ ಮಗು. ಸಣ್ಣ ಕತ್ತರಿಗಳು ಎರಡನೇ ತಟ್ಟೇಲಿವೆ, ಯಾರಿಗಾದ್ರೂ ಹೇಳಿ" ಎಂದರು.

ಸಂಜೆ ಆರೂವರೆಗೆ ಡಾಕ್ಟರಮ್ಮ ಮತ್ತೆ ಠಾಣೆಗೆ ಬಂದರು. ಸೋಮವಾರದ ಗಡುವಿನ ಸುದ್ದಿ ಕೇಳಿ ಮೊದಲು ಉಸಿರು ಬಿಟ್ಟರು. ಆಮೇಲೆ ಸಿಟ್ಟು ಬಂತು.

"ಇಷ್ಟು ಜನರಲ್ಲಿ ನನ್ನನ್ನೇ ಯಾಕೆ ಹಿಡಿದ್ರು? ನಾನೇನು ಮಾಡಿದ್ದೆ ಅವರಿಗೆ?"

ಇನ್ಸ್‌ಪೆಕ್ಟರ್ ನೋಟಿಸನ್ನು ಮುಂದಿಟ್ಟರು. ಡಾಕ್ಟರಮ್ಮ ಈ ಸಲ ತಮ್ಮ ಕಣ್ಣಿನಿಂದಲೇ ಓದಿದರು. 'ಕ್ವಾರ್ಟರ್ಸ್ ನಂಬರ್ ಏಳನ್ನು ಏಳು ದಿನಗಳೊಳಗೆ ತೆರವು ಮಾಡತಕ್ಕದ್ದು. ಸದರಿ ವಸತಿಯನ್ನು ಹೊಸದಾಗಿ ಬಂದಿರುವ ಮಕ್ಕಳ ಶಸ್ತ್ರವೈದ್ಯರಿಗೆ ಅವರ ಕೋರಿಕೆಯ ಮೇರೆಗೆ ಹಂಚಲಾಗಿದೆ.'

"ನಾನು ಕೇಳೇ ಇಲ್ಲ..." ಎಂದವರು ಅಲ್ಲೇ ತಡೆದರು. "ಒಂದು ಫಾರಂ ಇತ್ತು. ಕ್ವಾರ್ಟರ್ಸ್ ಬೇಕೇ ಬೇಡವೇ ಅಂತ. ಹೊಸ ಮನೆಗೆ ಬಣ್ಣ ಹೊಡೆಯೋವರೆಗೆ ಸಾಮಾನು ಇಡೋಕೆ ಇರಲಿ ಅಂತ 'ಬೇಕು' ಹಾಕಿದ್ದೆ. ಖಾಲಿ ಇರೋದು ಕೊಡ್ತಾರೆ ಅಂದ್ಕೊಂಡಿದ್ದೆ." ನೋಟಿಸನ್ನು ಮಡಚಿಟ್ಟು ಕೇಳಿದರು, "ಅವರಿಗೆ ಗೊತ್ತಿತ್ತಾ, ನಾನೇ ಅಂತ?"

"ನೋಟಿಸ್ ಕೈಗೆ ಬಂದ ದಿನದಿಂದ."

"ಆಮೇಲೂ ದಿನಾ ನನ್ನ ಬೆನ್ನ ಹಿಂದೆ ನಿಂತು ಗೌನಿನ ದಾರ ಕಟ್ಟಿದ್ರು. ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ."

"ಗುತ್ತಿಗೆಯವರು ಡಾಕ್ಟರಿಗೆ ಅದನ್ನ ಹೇಗೆ ಹೇಳೋದು ಮೇಡಂ?"

ಕೇಸ್ ಡೈರಿಯಲ್ಲಿ 'ಉದ್ದೇಶ' ಎಂಬಲ್ಲಿ ಇನ್ಸ್‌ಪೆಕ್ಟರ್ 'ವಾಸದ ಮನೆ ಕಳೆದುಕೊಳ್ಳುವ ಭೀತಿ' ಎಂದು ಬರೆದರು. ಕಾನೂನಿಗೆ ಅಷ್ಟು ಸಾಕು. ಕದ್ದದ್ದು ಕದ್ದದ್ದೇ, ಅದನ್ನು ಅವರು ಮರೆಯಲಿಲ್ಲ. ಆದರೂ ಆ ಸಾಲು ಬರೆಯುವಾಗ ಅವರಿಗೆ ಸಂಕಟವಾಯಿತು.

ಡಾಕ್ಟರಮ್ಮ ಒಂದು ಹಾಳೆ, ಪೆನ್ನು ಕೇಳಿ ಪಡೆದರು. ಆಸ್ಪತ್ರೆಗೆ ಪತ್ರ ಬರೆದು, ಸಹಿ ಮಾಡಿ, ಅಭ್ಯಾಸಬಲದಿಂದ ಗಟ್ಟಿಯಾಗಿ ಓದಿದರು. "ಕ್ವಾರ್ಟರ್ಸ್ ನಂಬರ್ ಏಳು ನನಗೆ ಬೇಡ. ಅಲ್ಲಿರುವ ಅಜ್ಜಿಯನ್ನು ಮನೆಯಿಂದ ಎಬ್ಬಿಸಬಾರದು." ಓದಿ ಮುಗಿಸಿದರೂ ಹಾಳೆ ಕೈಬಿಡಲಿಲ್ಲ, ಇನ್ಸ್‌ಪೆಕ್ಟರರ ಮುಖವನ್ನೇ ನೋಡುತ್ತ ಕಾದರು.

ಏತಕ್ಕೆ ಕಾಯುತ್ತಿದ್ದಾರೆಂದು ಇನ್ಸ್‌ಪೆಕ್ಟರಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅವರು ಕನ್ನಡಕ ಹಾಕಿಕೊಂಡು, ಹಾಳೆಯ ಮೇಲೆ ಕಣ್ಣಿಟ್ಟು, ಒಂದೊಂದೇ ಪದವನ್ನು ತಿರುಗಿ ಹೇಳಿದರು.

"ಸರಿ" ಎಂದರು ಡಾಕ್ಟರಮ್ಮ. ನಿಮಿಷಪ್ಪ ಗೋಡೆಯ ಗಡಿಯಾರ ನೋಡಿ ಸಮಯ ಬರೆದುಕೊಂಡ.