ಅಕ್ಷರದ ಮನೆಯ ಕೀಲಿ ಯಾರ ಹತ್ತಿರ?

"ತೀರಿಕೊಂಡ ನಮ್ಮಣ್ಣನ ಹೆಸರಿನ್ಯಾಗ ಯಾರೋ ಓಡಾಡಾಕತ್ತಾರ ಮೇಡಂ. ಅವರನ್ನ ಹುಡುಕಿಕೊಡ್ರಿ."

ಸಿಂಧನೂರಿನ ನಮ್ಮ ಓಣಿಯಲ್ಲಿ ಏನಾದರೂ ಕಳೆದರೆ ಜನ ಮೊದಲು ಬರುವುದು ನಿವೃತ್ತ ವಿಜ್ಞಾನ ಶಿಕ್ಷಕಿ ಶಿವಲಿಂಗಮ್ಮ ಮೇಡಂ ಮನೆಗೆ, ಆಮೇಲೆ ಪೊಲೀಸ್ ಠಾಣೆಗೆ. ನಾನು ಗೋಪಣ್ಣ, ಪಕ್ಕದ ಫೋಟೋ ಸ್ಟುಡಿಯೋದವನು; ಮೇಡಂಗೆ ಸ್ಕೂಟರ್ ಚಾಲಕ, ತಪ್ಪು ಊಹೆಗಳ ಕಾಯಂ ಸರಬರಾಜುದಾರ. ಅವತ್ತು ಬಂದವಳು ಮುಕ್ಕುಂದದ ಸುಕನ್ಯಾ, ಬ್ಯಾಂಕ್ ನೌಕರಿಯವಳು.

ಅವಳ ಅಣ್ಣ ಪಂಪಾಪತಿ ಜ್ವರದಲ್ಲಿ ಹೋಗಿ ಇಪ್ಪತ್ತು ವರ್ಷವಾಗಿತ್ತು. ಫೋನ್ ಲೈನಿನಲ್ಲಿ ಕೀರಲು ಸದ್ದು ಮಾಡುತ್ತ ಇಂಟರ್ನೆಟ್ ಬರುತ್ತಿದ್ದ ಕಾಲದಲ್ಲಿ ಅವನು ಒಂದು ಆಟ ಆಡುತ್ತಿದ್ದ. ಚಿತ್ರವೇ ಇಲ್ಲದ ಆಟ. 'ನೀವು ಕಾಡಿನಲ್ಲಿದ್ದೀರಿ, ಉತ್ತರಕ್ಕೆ ದಾರಿಯಿದೆ' ಎಂದು ಬರಹ ಬರುತ್ತದೆ. 'ಉತ್ತರ' ಎಂದು ಟೈಪ್ ಮಾಡಿದರೆ ಮುಂದಿನ ಜಾಗದ ಬರಹ. ಎಲ್ಲೆಲ್ಲಿಯವರೋ ಅದರೊಳಗೆ ಎದುರಾಗಿ ಮಾತಾಡುತ್ತಿದ್ದರು. ಬರೀ ಮಾತಿನಲ್ಲೇ ಅಲ್ಲಿ ಮನೆಯನ್ನೂ ಕಟ್ಟಬಹುದಿತ್ತು. ಪಂಪಾಪತಿ ಕಟ್ಟಿದ್ದ.

"ಆಟ ಇನ್ನೂ ಐತಂತ ಗೊತ್ತಾಗಿ ಒಳಗ ಹೋದೆ. ವರ್ಷಗಟ್ಟಲೆ ಯಾರೂ ಬರಲಿಲ್ಲಂದ್ರ ಮನಿ ಅಳಿಸಿಬಿಡ್ತಾರಂತ. ಅಣ್ಣನ ಮನಿ ಹಂಗ ಐತ್ರಿ! ಅಂಗಳದಾಗ ಅವನ ಹೆಸರಿನವರು ನಿಂತಿದ್ರು. ಯಾರು ನೀವು ಅಂದೆ. 'ಗಿರಾಕಿ ಬಂದಾರ, ಲೈನ್ ಬಿಡ್ತೀನಿ' ಅಂತ ಬರದು ಮಾಯ ಆದ್ರು."

ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡವಂತೆ ಅದು.

"ಒಳಮನಿ ಬಾಗಿಲು ಪಾಸ್‌ವರ್ಡ್ ಇದ್ದವರಿಗಷ್ಟ ತೆಗೀತೈತಿ. ಈ ತಿಂಗಳ ಕೊನಿಗೆ ಆಟಾನ ಬಂದ್ ಮಾಡ್ತಾರ. ಅಣ್ಣ ಬರದಿದ್ದು ಬ್ಯಾರೆ ಎಲ್ಲೂ ಉಳಿದಿಲ್ರಿ. ಒಂದ್ಸಲ ಓದಬೇಕು."

"ಹ್ಯಾಕರ್‌ಗಳ ಕೆಲಸ!" ಎಂದೆ.

"ಹ್ಯಾಕರ್ ಇಪ್ಪತ್ತು ವರ್ಷ ಒಬ್ಬರ ಅಂಗಳ ಕಾಯ್ಕೋಂತ ಕೂಡ್ತಾನೇನೋ ಗೋಪಣ್ಣ? ಸ್ಕೂಟರ್ ತೆಗಿ."

ಪಂಪಾಪತಿ ಆಡುತ್ತಿದ್ದದ್ದು ಎರಡೇ ಕಡೆ. ಲಿಂಗಸುಗೂರಿನಲ್ಲಿ ಆಗ ಇಂಟರ್ನೆಟ್ ಸೆಂಟರ್ ಇಟ್ಟಿದ್ದ ಗೆಳೆಯ ಅಮ್ಜದ್ ಈಗ ಮೊಬೈಲ್ ಅಂಗಡಿಯಲ್ಲಿದ್ದ. "ಪಾಸ್‌ವರ್ಡ್ ನನಗ ಹೇಳಿದ್ದಿಲ್ರಿ. ದೋಸ್ತ್ ಆದ್ರೂ ಅದರಾಗ ಭಾಳ ಹುಷಾರಿದ್ದ" ಎಂದು ನಕ್ಕ. "ನಮ್ಮ ಸೆಂಟರಿನ್ಯಾಗ ನೆಟ್‌ಗೇ ಬ್ಯಾರೆ ಲೈನ್ ಇತ್ತು, ಆರಾಮ ಆಡ್ತಿದ್ದ." ನಗು ಜಾಸ್ತಿಯಾಯಿತೆಂದು ನಾನು ಅವನನ್ನೇ ಕಳ್ಳನೆಂದು ತೀರ್ಮಾನಿಸಿದೆ.

ಇನ್ನೊಂದು, ಮಸ್ಕಿಯಲ್ಲಿ ಅಂಬಪ್ಪನ ಎಸ್‌ಟಿಡಿ ಬೂತು. ಈಗ ಜೆರಾಕ್ಸ್ ಅಂಗಡಿ. "ಇದ್ದಿದ್ದು ಒಂದ ಲೈನು. ಫೋನ್ ಮಾಡೋರು ಬಂದ್ರ ನೆಟ್ ಬಂದ್" ಎಂದ ಅಂಬಪ್ಪ. "ನಾ ದಿನಾ ಲಾರಿ ಮ್ಯಾಲೆ ಹೋಗ್ತಿದ್ದೆ. ಆಟದ್ದು ನನಗೇನೂ ತಿಳಿಯೂದಿಲ್ರಿ."

ಅವನ ಹೆಂಡತಿ ಮಹೇಶ್ವರಿ ಕಂಪ್ಯೂಟರಿನ ಮುಂದಿದ್ದಳು. ಯಾರೋ ಆಧಾರ್ ಕಾರ್ಡ್ ಹಿಡಿದು ಬಂದರು. ಅವಳು ಇಂಟರ್ನೆಟ್ ಮುಚ್ಚಿ ಎದ್ದು, ಜೆರಾಕ್ಸ್ ಮಾಡಿಕೊಟ್ಟು, ನಮಗೆ ಚಹಾ ತಂದಳು. "ಪಂಪಾಪತಿ ಅಪ್ಪ ಕಳಿಸ್ಯಾರೇನ್ರಿ?" ಎಂದು ಮೆಲ್ಲಗೆ ಕೇಳಿದಳು.

"ಅವರು ತೀರಿಕೊಂಡಾರವಾ. ಮಗಳು ಕಳಿಸ್ಯಾಳ" ಎಂದರು ಮೇಡಂ.

ಮರುದಿನ ಅದೇ ಅಂಗಡಿಯಲ್ಲಿ ಎಲ್ಲರನ್ನೂ ಕೂಡಿಸಿದರು. ಸುಕನ್ಯಾ ಕಂಪ್ಯೂಟರಿನ ಪಕ್ಕ ಕುಳಿತಿದ್ದಳು. ನಾನು ಅಮ್ಜದ್ ಓಡದಂತೆ ಬಾಗಿಲಲ್ಲಿ ನಿಂತೆ. ಅವನು ನನಗೊಂದು ಕುರ್ಚಿ ಕೊಟ್ಟ.

"ಈಗ ನೆಟ್ ನಡದಾಗೂ ಫೋನ್ ಬರ್ತಾವ. ಗಿರಾಕಿ ಬಂದ್ರ ಲೈನ್ ಬಿಡೋ ಜರೂರತ್ತ ಇಲ್ಲ" ಎಂದು ಮೇಡಂ ಶುರು ಮಾಡಿದರು. "ಅಂದಮ್ಯಾಲೆ ಆ ಮಾತು ಹಳೇ ರೂಢಿ. ಅಮ್ಜದ್‌ಗ ಆ ರೂಢಿ ಬರಾಕ ಸಾಧ್ಯ ಇಲ್ಲ, ಅವನ ಲೈನ್ ಬ್ಯಾರೆ. ಒಂದ ಲೈನ್ ಇದ್ದಿದ್ದು ಇಲ್ಲಿ. ಅಂಬಪ್ಪ ಲಾರಿ ಮ್ಯಾಲೆ ಇರ್ತಿದ್ದ. ಹಂಗಾದ್ರ ಗಿರಾಕಿಗೆ ಲೈನ್ ಬಿಡ್ತಿದ್ದವರು ಯಾರು? ನಿನ್ನೆ ಜೆರಾಕ್ಸ್ ಮಾಡೋ ಮೊದಲು ಸುಮ್ಮಸುಮ್ಮನ ನೆಟ್ ಮುಚ್ಚಿದವರು ಯಾರು? ಸತ್ತವನ ಅಪ್ಪಗ ಅಂಜಿದವರು ಯಾರು?"

ಅಂಬಪ್ಪ ಬಾಯಿ ತೆರೆದು ಹೆಂಡತಿಯತ್ತ ನೋಡಿದ. ಮಹೇಶ್ವರಿ ಎದ್ದು ನಿಂತಳು.

"ನಾನ ಮೇಡಂ. ಟೈಪ್ ಮಾಡೋದು ಕಲಿಸಿದ್ದು ಪಂಪಾಪತಿ. ಈ ಅಂಗಡಿ ನಡದಿದ್ದು, ನಾ ಉಂಡಿದ್ದು, ಎಲ್ಲಾ ಆ ವಿದ್ಯಾದಿಂದ. ಆಸ್ಪತ್ರಿಗೆ ಹೋಗುವಾಗ ಪಾಸ್‌ವರ್ಡ್ ಕೊಟ್ಟು, 'ಬರೂತನಕ ಮನಿ ನೋಡ್ಕೋರಿ' ಅಂದ. ಬರಲಿಲ್ಲ. ಹೇಳಾಕ ಹೋದ್ರ ಅವರಪ್ಪ 'ಆ ಆಟದ ಸುದ್ದಿ ನಮ್ಮ ಮನಿಗೆ ತರಬ್ಯಾಡ್ರಿ' ಅಂದ್ರು. ತರಲಿಲ್ಲ. ಮನಿ ಮಾತ್ರ ಬಿಡಲಿಲ್ಲ."

"ಅಪ್ಪ ದುಃಖದಾಗ ಅಂದಿದ್ದು ಅಕ್ಕಾ," ಎಂದಳು ಸುಕನ್ಯಾ. "ಬಾಗಿಲು ತೆಗೀರಿ."

ಮಹೇಶ್ವರಿ ಪಾಸ್‌ವರ್ಡ್ ಒತ್ತಿದಳು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಮೂಡಿದವು: 'ಇದು ನಮ್ಮ ಅಡಿಗಿಮನಿ. ನನ್ನ ತಂಗಿ ಸುಕ್ಕಿ ಒಲಿ ಮುಂದ ಕುಂತು ರೊಟ್ಟಿ ತಿನ್ನಾಕತ್ತಾಳ. ಆಕಿನ್ನ ಮಾತಾಡಿಸ್ರಿ.'

ಸುಕನ್ಯಾ 'ಸುಕ್ಕಿ' ಎಂದು ಟೈಪ್ ಮಾಡಿದಳು. ಅಣ್ಣ ಬರೆದಿಟ್ಟಿದ್ದ ಉತ್ತರ ಬಂತು: 'ಅಣ್ಣ ಹೊರಗ ಹೋಗ್ಯಾನ. ಬರ್ತಾನ, ಕೂಡ್ರಿ. ರೊಟ್ಟಿ ತಿಂತೀರೇನು?'

ಸುಕನ್ಯಾ ಮಹೇಶ್ವರಿಯ ಹೆಗಲಿಗೆ ಒರಗಿ ಅತ್ತಳು. "ನಿಮ್ಮ ಉಪಕಾರ ಹೆಂಗ ಮರೀಲಿ ಅಕ್ಕಾ! ನೀವೊಬ್ಬರ ಇದನ್ನ ಇಷ್ಟು ವರ್ಷ ಕಾಯ್ದೀರಿ."

"ಒಬ್ಬಾಕಿ ಎಲ್ಲಿದ್ನೆವಾ?" ಮಹೇಶ್ವರಿ ಅವಳ ತಲೆ ಸವರಿದಳು. "ಒಳಗ ಹೋದಾಗೆಲ್ಲಾ ನೀನ 'ರೊಟ್ಟಿ ತಿಂತೀರೇನು' ಅಂತಿದ್ದಿ."