ಮಾತಿಲ್ಲದ ಸಿನಿಮಾಕ್ಕೆ ಮೊದಲ ಬಹುಮಾನ

ಕಾಲಡಿಯಿಂದ ಏಣಿ ಸರಿದು ಹೋಯಿತು!

ಕೈಗೆ ಸಿಕ್ಕಿದ್ದು ತುಕ್ಕು ಹಿಡಿದ ಒಂದು ಕಬ್ಬಿಣದ ಪಟ್ಟಿ. ಅದಕ್ಕೇ ಜೋತುಬಿದ್ದೆ. ಕೆಳಗೆ ಸಿಮೆಂಟಿನ ನೆಲ. ಮೂಗಿನ ಮುಂದೆ ಸಿನಿಮಾ ಪರದೆಯ ಬೆನ್ನು. ಪರದೆಯ ಆಚೆ ಥಿಯೇಟರಿನ ತುಂಬ ಜನ, ಸೀಟು ಹಿಡಿಯುವ ಗಲಾಟೆ, ಮೈಕಿನ ಕಿರ್ರ್... ತಾವು ನೋಡುತ್ತಿರುವ ಬಿಳಿ ಬಟ್ಟೆಯ ಹಿಂದೆ ಒಬ್ಬ ಮನುಷ್ಯ ಒಣಗಲು ಹಾಕಿದ ಪ್ಯಾಂಟಿನ ಹಾಗೆ ನೇತಾಡುತ್ತಿದ್ದಾನೆ ಎಂದು ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

"ಡಿಸ್ಕ್ ಇದ್ದಲ್ಲೇ ಇಟ್ಟುಬಿಡಿ," ಕೆಳಗಿನಿಂದ ದನಿ ಬಂತು. "ಏಣಿ ಕೊಡ್ತೀನಿ."

"ಮೊದಲು ಏಣಿ ಕೊಡಯ್ಯಾ!"

"ಮೊದಲು ಡಿಸ್ಕ್!"

ಅಂಗೈ ಬೆವರುತ್ತಿತ್ತು...

ಹೀಗೆ ನಡುವಿನಿಂದ ಹೇಳಿದರೆ ನಿಮಗೆ ತಲೆಬುಡ ತಿಳಿಯುವುದಿಲ್ಲ. ಸಿಟ್ಟಾಗಬೇಡಿ. ಬೆಳಗಿನಿಂದ ನನಗೂ ತಿಳಿದಿರಲಿಲ್ಲ.

ಕಳೆದದ್ದನ್ನು ಹುಡುಕಿಕೊಡುವುದು ನನ್ನ ಕೆಲಸ. ಕಾರು, ನಾಯಿ, ಓಡಿಹೋದ ಅಳಿಯ... ಏನಾದರೂ ಸರಿ. ಅಡ್ಡ ಬಂದವರನ್ನು ಸ್ವಲ್ಪ ಹೆದರಿಸುವುದೂ ಅದರಲ್ಲೇ ಸೇರಿದೆ. ಆ ದಿನ ಫೋನ್ ಮಾಡಿದವರು ಊರಿನ ಫಿಲ್ಮ್ ಫೆಸ್ಟಿವಲ್ಲಿನ ಅಧ್ಯಕ್ಷರು. ಊರಿಗೆ ಇರುವ ಒಂದೇ ಥಿಯೇಟರಿನ ಮಾಲೀಕರೂ ಅವರೇ.

"ಬೇಗ ಬಾರಯ್ಯ! ಸಿನಿಮಾನೇ ಕಳೆದುಹೋಗಿದೆ!"

ಹೋದೆ. ಪರದೆಯ ನೆತ್ತಿಯಲ್ಲಿ ಅಧ್ಯಕ್ಷರ ನಗುಮುಖದ ದೊಡ್ಡ ಬ್ಯಾನರ್. ಅದರ ಕೆಳಗೆ ನಗುವಿಲ್ಲದ ಅಧ್ಯಕ್ಷರು. ಮೊದಲ ಬಹುಮಾನ ಗೆದ್ದ ಸಿನಿಮಾವನ್ನು ಮಧ್ಯಾಹ್ನ ಜನರಿಗೆ ತೋರಿಸಬೇಕಿತ್ತು. ಅದಾದ ಮೇಲೆ ಪ್ರಶಸ್ತಿ ಪ್ರದಾನ. ಆ ಸಿನಿಮಾ ಇದ್ದ ಹಾರ್ಡ್ ಡಿಸ್ಕ್ ಪ್ರೊಜೆಕ್ಟರ್ ರೂಮಿನಿಂದ ಮಾಯವಾಗಿತ್ತು.

"ಇನ್ನೊಂದು ಕಾಪಿ?"

"ದೂರದ ಸ್ಟುಡಿಯೋದಲ್ಲಿದೆ. ಬರೋಷ್ಟರಲ್ಲಿ ನಾಳೆ ಆಗತ್ತೆ."

ಉತ್ತರ ಕೊಟ್ಟವಳು ಒಬ್ಬ ಹುಡುಗಿ. ಗೆದ್ದ ಡೈರೆಕ್ಟರನ ತಂಗಿ. ಸಿನಿಮಾದ ಮಾತುಗಳನ್ನೆಲ್ಲ ಬರೆದವಳು. ನಾಯಕಿಗೆ ದನಿ ಕೊಟ್ಟವಳೂ ಅವಳೇ. ಅವಳ ಅಣ್ಣ ಪಕ್ಕದಲ್ಲೇ ಬಿಳಿ ಕೋಟು ಹಾಕಿಕೊಂಡು ಉಗುರು ಕಚ್ಚುತ್ತಿದ್ದ.

ಅವಳು ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದಳು.

"ಸಾರ್, ಡಬ್ಬಿಂಗ್ ಸ್ಟುಡಿಯೋ ಮೇಡಂ ಬರ್ತಿದ್ದಾರೆ. ನನ್ನ ದನಿ ಕೇಳೋಕೇ ಬರ್ತಿರೋದು. ಇಷ್ಟ ಆದ್ರೆ ಕೆಲಸ. ಸಂಜೆ ಬಸ್ಸಿಗೆ ವಾಪಸ್ ಹೊರಟುಬಿಡ್ತಾರೆ. ಇಂಥವರು ಇನ್ನೊಂದು ಸಲ ಬರಲ್ಲ."

"ಸಿಕ್ಕತ್ತೆ ಬಿಡಮ್ಮ."

ಸುಲಭವಾಗಿ ಹೇಳಿಬಿಟ್ಟೆ. ಆಮೇಲೆ ಶುರುವಾಯಿತು ನೋಡಿ ಕರ್ಮ!

ಆ ಕಟ್ಟಡದಲ್ಲಿ ಒಬ್ಬನೂ ನೆಟ್ಟಗೆ ಉತ್ತರ ಕೊಡುವವನಲ್ಲ. ಬಾಗಿಲಲ್ಲಿದ್ದವನನ್ನು ಕೇಳಿದರೆ, "ನಾನು ಬಾಗಿಲು ಮಾತ್ರ ನೋಡ್ತೀನಿ." ಪ್ರೊಜೆಕ್ಟರ್ ಆಪರೇಟರನನ್ನು ಕೇಳಿದರೆ, "ನಾನು ಟೀ ಕುಡಿಯೋಕೆ ಹೋಗಿದ್ದೆ." ತೀರ್ಪುಗಾರರ ಮುಖ್ಯಸ್ಥನಿಗೆ ಹೊಟ್ಟೆಯವರೆಗೂ ಗಡ್ಡ. ಡಿಸ್ಕ್ ನೋಡಿದಿರಾ ಎಂದರೆ ಕಣ್ಣು ಮುಚ್ಚಿ, "ಕಳೆದುಹೋಗುವುದೂ ಒಂದು ಕಲೆ..." ಎಂದ. ಅವನ ಗಡ್ಡ ಹಿಡಿದು ಎಳೆಯಬೇಕು ಅನ್ನಿಸಿತು. ಎಳೆಯಲಿಲ್ಲ. ಇವತ್ತಿಗೂ ಆ ಬೇಜಾರಿದೆ.

ಅಷ್ಟರಲ್ಲಿ ಅಧ್ಯಕ್ಷರು ಕೂಗಿದರು.

"ಅವನೇ! ಮಫ್ಲರ್!"

ಎರಡನೇ ಬಹುಮಾನ ಬಂದ ಡೈರೆಕ್ಟರ್. ಸುಡುವ ಬಿಸಿಲಿನಲ್ಲೂ ಕುತ್ತಿಗೆಗೆ ಮಫ್ಲರ್. ಬೆಳಗ್ಗೆ ಫಲಿತಾಂಶದ ಬೋರ್ಡಿನ ಮುಂದೆ ನಿಂತು, ಆ ಸಿನಿಮಾ ಯಾರೂ ನೋಡದ ಹಾಗೆ ಮಾಡ್ತೀನಿ ಅಂತ ಕಿರುಚಾಡಿದ್ದನಂತೆ. ಈಗ ಸ್ಕೂಟರಿನ ಕಾಲಿಡುವ ಜಾಗದಲ್ಲಿ ಒಂದು ರಟ್ಟಿನ ಡಬ್ಬ ಇಟ್ಟುಕೊಂಡು ಗೇಟು ದಾಟುತ್ತಿದ್ದ!

ನನಗೆ ಸಿಕ್ಕಿದ್ದು ಫೆಸ್ಟಿವಲ್ಲಿನ ಪ್ರಚಾರದ ವ್ಯಾನು. ಹತ್ತಿದೆ. ಕೀಲಿ ತಿರುಗಿಸಿದೆ. ಎಂಜಿನ್ನಿಗಿಂತ ಮೊದಲು ತಲೆಯ ಮೇಲಿನ ಧ್ವನಿವರ್ಧಕ ಶುರುವಾಯಿತು.

"ಬನ್ನಿ! ಒಳ್ಳೆಯ ಸಿನಿಮಾ ನೋಡಿ! ಕುಟುಂಬ ಸಮೇತ ಬನ್ನಿ!"

ಸ್ವಿಚ್ ಎಲ್ಲಿದೆ ಅಂತ ಹುಡುಕಿದೆ. ಸಿಗಲಿಲ್ಲ. ಕಳೆದದ್ದನ್ನು ಹುಡುಕುವವನು ನಾನು!

ಸ್ಕೂಟರು ತರಕಾರಿ ಮಾರ್ಕೆಟ್ಟಿಗೆ ನುಗ್ಗಿತು. ನಾನೂ ನುಗ್ಗಿದೆ. ಟೊಮೇಟೊ ಬುಟ್ಟಿ ಉರುಳಿತು. ಒಬ್ಬಾಕೆ ನನ್ನ ವಂಶವನ್ನೆಲ್ಲ ಹೆಸರು ಹಿಡಿದು ಬೈದಳು. ಮೇಲಿನಿಂದ, "ಕುಟುಂಬ ಸಮೇತ ಬನ್ನಿ!" ಮಫ್ಲರ್ ತಿರುಗಿ ನೋಡಿದ. ಹಿಂದೆ ಬರುತ್ತಿರುವುದು ಯಾರು ಅಂತ ಊರಿಗೇ ಗೊತ್ತಾಗುತ್ತಿತ್ತು. ಅವನಿಗೆ ಗೊತ್ತಾಗದಿರುತ್ತದೆಯೇ? ವೇಗ ಹೆಚ್ಚಿಸಿದ.

ಸೇತುವೆಯ ಮೇಲೆ ಅಡ್ಡ ಹಾಕಿದೆ. ಕಾಲರ್ ಹಿಡಿದೆ.

"ಡಬ್ಬ ಬಿಚ್ಚು!"

"ಇದು ನಂದು!"

"ಬಿಚ್ಚೋ!"

ಬಿಚ್ಚಿದ. ಬಿಚ್ಚಿದವನೇ ಅದರೊಳಗಿದ್ದುದನ್ನು ಎತ್ತಿ ನನ್ನ ಹಣೆಗೆ ಬಾರಿಸಿದ! ಕಣ್ಣಿಗೆ ಕತ್ತಲೆ ಬಂತು. ಬೆಳಕಾದಾಗ ನೋಡಿದರೆ, ಅವನ ಕೈಯಲ್ಲಿ ಹಿತ್ತಾಳೆಯ ಫಲಕ. ಎರಡನೇ ಬಹುಮಾನ.

"ಪ್ರದಾನಕ್ಕೆ ಮೊದಲೇ ಎತ್ತಿಕೊಂಡು ಬಂದೆ, ಹೊಳೆಗೆ ಎಸೆಯೋಕೆ," ಎಂದ. "ನನ್ನ ಸಿನಿಮಾ ತುಂಬ ಮಾತು ಸಾರ್. ನಾಲ್ಕು ವರ್ಷ ಕೂತು ತಿದ್ದಿದ ಮಾತು. ಕೊನೆಗೆ ಯಾವುದಕ್ಕೆ ಕೊಟ್ರು? ಒಂದೇ ಒಂದು ಮಾತಿಲ್ಲದ ಸಿನಿಮಾಕ್ಕೆ!"

"ಏನಂದೆ?"

"ಬೋರ್ಡ್ ಓದಿಲ್ವಾ? ತುಟಿ ಅಲ್ಲಾಡತ್ತಂತೆ, ಮಾತು ಕೇಳಿಸಲ್ವಂತೆ. ಅದೇ ದೊಡ್ಡ ಕಲೆಯಂತೆ!"

ಹಣೆಯ ಬುಗುಟು ಮುಟ್ಟಿಕೊಂಡು ನಿಂತೆ. ಮಾತೆಲ್ಲ ತಾನೇ ಬರೆದೆ ಎಂದಳಲ್ಲ ಆ ತಂಗಿ! ಅವಳ ದನಿ ಕೇಳೋಕೆ ಒಬ್ಬ ಮೇಡಂ ಅಷ್ಟು ದೂರದಿಂದ ಬರುತ್ತಿದ್ದಾಳಲ್ಲ! ಹಾಗಾದರೆ ಗಡ್ಡದವನು ನೋಡಿದ್ದು ಯಾವ ಸಿನಿಮಾ?

ವ್ಯಾನು ತಿರುಗಿಸಿದೆ. "ಒಳ್ಳೆಯ ಸಿನಿಮಾ ನೋಡಿ!" ಎನ್ನುತ್ತಲೇ ವಾಪಸಾದೆ.

ಥಿಯೇಟರಿನ ಮೆಟ್ಟಿಲ ಮೇಲೆ ಆ ಅಣ್ಣ ಸಿಕ್ಕ. "ಸಿಕ್ತಾ?" ಎಂದು ಕೇಳಿದ. ಸಿಗಲಿಲ್ಲ ಎಂದೆ. ಅವನ ಭುಜ ಸಡಿಲವಾಯಿತು. ಕಳೆದುಕೊಂಡವನ ಭುಜ ಹಾಗೆ ಸಡಿಲವಾಗುವುದಿಲ್ಲ... ಆಗ ಆ ಬಿಳಿ ಕೋಟಿನ ತೋಳು ನೋಡಿದೆ. ಕಪ್ಪು ಪುಡಿ. ಧೂಳು ಒರೆಸುವವನ ಹಾಗೆ ಮುಟ್ಟಿದೆ. ಬೆರಳಿಗೆ ಅಂಟಿಕೊಂಡಿತು.

ನಮ್ಮ ಮನೆಯ ಹಳೆಯ ಸ್ಪೀಕರಿನ ಸ್ಪಂಜು ಹೀಗೇ ಕರಗಿ ಅಂಟಂಟಾಗಿ ಉದುರುತ್ತಿತ್ತು. ಥಿಯೇಟರಿನಲ್ಲಿ ದೊಡ್ಡ ಸ್ಪೀಕರುಗಳು ಇರುವುದು ಪರದೆಯ ಹಿಂದೆ. ಏಣಿ ಹಾಕಿ ಹತ್ತಿದೆ. ನಡುವಿನ ಸ್ಪೀಕರಿನ ಪೆಟ್ಟಿಗೆಯೊಳಗೆ ಕೈ ಹಾಕಿದೆ. ಡಿಸ್ಕ್!

ಅದನ್ನು ಅಂಗಿಯೊಳಗೆ ತುರುಕಿಕೊಳ್ಳುವಾಗ ಇನ್ನೊಂದು ಕಂಡಿತು. ಆ ಸ್ಪೀಕರಿನ ವೈರು ಕಿತ್ತುಬಂದು ಗಾಳಿಯಲ್ಲಿ ತೂಗುತ್ತಿತ್ತು. ಅದನ್ನು ಕಿತ್ತದ್ದು ಒಂದು ಹಗ್ಗ. ಹಗ್ಗದ ಇನ್ನೊಂದು ತುದಿಯಲ್ಲಿ ಅಧ್ಯಕ್ಷರ ನಗುಮುಖದ ಬ್ಯಾನರ್! ಬ್ಯಾನರ್ ಕಟ್ಟಲು ಮಹಾಶಯರಿಗೆ ಬೇರೆ ಜಾಗವೇ ಸಿಕ್ಕಿರಲಿಲ್ಲ.

ಏಣಿ ಸರಿದದ್ದು ಆಗಲೇ. ಕೆಳಗೆ ಅದನ್ನು ಹಿಡಿದು ನಿಂತಿದ್ದವನು ಆ ಅಣ್ಣ.

"ನಿನ್ನ ಸಿನಿಮಾನ ನೀನೇ ಕದ್ದೆಯೇನೋ?" ನೇತಾಡುತ್ತಲೇ ಕೇಳಿದೆ.

"ಬೆಳಗ್ಗೆ ಚೆಕ್ ಮಾಡೋಕೆ ಹಾಕಿ ನೋಡಿದೆ ಸಾರ್. ಮ್ಯೂಸಿಕ್ ಬಂತು. ಮಾತು ಬರಲಿಲ್ಲ. ಉಳಿದವರ ಸಿನಿಮಾಗೆಲ್ಲ ಎರಡೇ ಕಡೆಯ ಸೌಂಡು. ಅಕ್ಕಪಕ್ಕದ ಸ್ಪೀಕರಿನಿಂದಲೇ ಮಾತು ಬಂದುಬಿಡ್ತು. ನಾವು ದೊಡ್ಡ ಸಿನಿಮಾದವರ ಹಾಗೆ ಮಾಡಿಸಿದ್ವಿ. ಮಾತೆಲ್ಲ ನಡುವಿನ ಸ್ಪೀಕರಿಗೆ. ಅದೇ ಸತ್ತಿತ್ತು! ತೀರ್ಪುಗಾರರು ಇಲ್ಲೇ ಕೂತು ನೋಡಿದ್ದೂ ಹಾಗೇ. ಅದಕ್ಕೇ ಬಹುಮಾನ ಬಂದಿದ್ದು!"

"ವೈರು ಸಿಕ್ಕಿಸಿದ್ರೆ ಆಯ್ತಲ್ಲ."

"ಸಿಕ್ಕಿಸಿದ್ರೆ ಬಹುಮಾನ ಹೋಗತ್ತೆ! ಹಾಗೇ ತೋರಿಸಿದ್ರೆ ತಂಗಿ ಎದ್ದು ಕೂಗ್ತಾಳೆ. ತೋರಿಸದೇ ಇದ್ರೆ... ಬಹುಮಾನ ಉಳಿಯತ್ತೆ. ಇಷ್ಟು ವರ್ಷ ನನ್ನ ಯಾರಾದ್ರೂ ತಿರುಗಿ ನೋಡಿದಾರಾ ಸಾರ್?"

"ನಿನ್ನ ತಂಗಿ?"

"ಅವಳಿಗೆ ಮುಂದಿನ ಸಿನಿಮಾದಲ್ಲಿ..."

"ಮುಂದಿನ ಸಿನಿಮಾದಲ್ಲಿ ಏನಣ್ಣ?"

ತಂಗಿ ಪರದೆಯ ಪಕ್ಕದಲ್ಲಿ ನಿಂತಿದ್ದಳು. ಯಾವಾಗ ಬಂದಳೋ ಗೊತ್ತಿಲ್ಲ. ಎಲ್ಲವನ್ನೂ ಕೇಳಿಸಿಕೊಂಡಿದ್ದಳು ಎಂದು ಮುಖ ಹೇಳುತ್ತಿತ್ತು.

"ಬೋರ್ಡ್ ನಾನೂ ಓದಿದೆ," ಎಂದಳು. "ಗಡ್ಡದವರು ಏನೋ ಕಾವ್ಯದ ಥರ ಹೇಳಿದಾರೆ ಅಂದುಕೊಂಡೆ. ನನ್ನ ಮಾತು ಚೆನ್ನಾಗಿದೆ ಅನ್ನೋದನ್ನೇ ಸುತ್ತಿ ಬಳಸಿ ಹೇಳಿದಾರೆ ಅಂತ ಖುಷಿಪಟ್ಟೆ ಕಣೋ."

ಅಣ್ಣ ಬಾಯಿ ತೆರೆದ. ಅವನಿಗೂ ವೈರು ಕಿತ್ತುಹೋಗಿತ್ತು.

ನನ್ನ ಬೆರಳುಗಳು ಒಂದೊಂದಾಗಿ ಜಾರುತ್ತಿದ್ದವು. "ಚೀಲ ಹಿಡಿಯಮ್ಮ!" ಎಂದೆ. ಅವಳು ಹೆಗಲ ಚೀಲದ ಬಾಯಿ ಅಗಲಿಸಿದಳು. ಒಂದು ಕೈ ಬಿಟ್ಟು ಅಂಗಿಯೊಳಗಿನಿಂದ ಡಿಸ್ಕ್ ತೆಗೆದು ಬೀಳಿಸಿದೆ. ಅಣ್ಣ ಹಾರಿದ. ಅವಳು ಅವನಿಗಿಂತ ಚುರುಕು. ಡಿಸ್ಕ್ ಚೀಲಕ್ಕೆ ಬಿತ್ತು, ಅವಳು ಓಡಿದಳು. ಅವನು ಬೆನ್ನಟ್ಟಿದ. ಏಣಿ ಎಡವಿ ಮುಖ ಕೆಳಗಾಗಿ ಬಿದ್ದ. ಏಳಲಿಲ್ಲ. ಪೆಟ್ಟಾಗಿ ಅಲ್ಲ. ಎದ್ದು ಏನು ಮಾಡುವುದು ಎಂದು ತಿಳಿಯದೆ.

ಇತ್ತ ನನ್ನನ್ನು ಇಳಿಸುವವರು ಯಾರೂ ಇಲ್ಲ! ಸ್ಪೀಕರಿನ ಅಂಚಿಗೆ ಕಾಲು ಸಿಕ್ಕಿಸಿ, ಕಬ್ಬಿಣವನ್ನು ತಬ್ಬಿಕೊಂಡು ನಿಂತೆ. ಆಪರೇಟರನಿಗೆ ಬೈದುಕೊಂಡೆ. ಅಧ್ಯಕ್ಷರಿಗೆ ಬೈದುಕೊಂಡೆ. ಸಿನಿಮಾ ಕಂಡುಹಿಡಿದವನಿಗೂ ಬೈದುಕೊಂಡೆ. ಕೊನೆಗೊಮ್ಮೆ ದೀಪ ಆರಿತು. ಪರದೆಯ ತೂತುಗಳಿಂದ ಬೆಳಕು ತೂರಿ ಮೈಮೇಲೆಲ್ಲ ಚುಕ್ಕೆ ಬಿತ್ತು. ಪಕ್ಕದ ಸ್ಪೀಕರುಗಳಿಂದ ಮ್ಯೂಸಿಕ್. ಹಿಂದಿನಿಂದ ನೋಡುತ್ತಿದ್ದರಿಂದ ಎಡಬಲ ಅದಲುಬದಲಾದ ಒಂದು ದೊಡ್ಡ ಹೆಣ್ಣಿನ ಮುಖ. ಅವಳ ತುಟಿ ಅಲುಗಾಡಿತು.

ಮಾತಿಲ್ಲ.

"ಬೇಡ ಸಾರ್..." ನೆಲದಿಂದ ಅಣ್ಣನ ದನಿ. "ಕೈ ಮುಗೀತೀನಿ."

ವೈರಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ನೆಟ್ಟಗೆ ಮಾಡಿದೆ. ಸ್ಪೀಕರಿನ ಹಿಂದಿನ ಕ್ಲಿಪ್ಪಿಗೆ ತುರುಕಿದೆ.

"ಬಾಗಿಲು ತೆಗೀರಿ! ಒದ್ದು ತೆಗೆಯೋಕೂ ಬರತ್ತೆ ನನಗೆ!"

ಕಿವಿಯ ಪಕ್ಕದಲ್ಲೇ ಸಿಡಿಯಿತು. ಆ ತಂಗಿಯ ದನಿ! ನಾನು ಕೈಬಿಟ್ಟೆ, ಸ್ಪೀಕರಿನ ಮರದ ಚೌಕಟ್ಟಿನ ಮೇಲೆ ಜಾರಿ, ಅಣ್ಣನ ಪಕ್ಕದಲ್ಲೇ ದೊಪ್ಪನೆ ಬಿದ್ದೆ. ಎಲುಬು ಮುರಿಯಲಿಲ್ಲ. ಪ್ಯಾಂಟು ಹರಿಯಿತು.

ಪರದೆಯ ಅಂಚಿನಿಂದ ಇಣುಕಿದೆ. ಮುಂದಿನ ಸಾಲಿನಲ್ಲಿ ಅಲ್ಲಿಯವರೆಗೆ ಮೊಬೈಲು ನೋಡುತ್ತಿದ್ದ ಒಬ್ಬ ಮೇಡಂ ತಲೆ ಎತ್ತಿದಳು. ಪಕ್ಕದವನು ಏನೋ ಹೇಳಲು ಬಂದ. ಬಾಯಿ ಮುಚ್ಚು ಎಂದು ಕೈ ಎತ್ತಿದಳು. ಮೊಬೈಲು ಚೀಲಕ್ಕೆ ಹೋಯಿತು. ಗೋಡೆಗೆ ಒರಗಿ ನಿಂತಿದ್ದ ತಂಗಿ ಪರದೆಯನ್ನು ನೋಡುತ್ತಿರಲಿಲ್ಲ. ಆ ಮೇಡಂ ಮುಖವನ್ನೇ ನೋಡುತ್ತಿದ್ದಳು.

ಆಗ ಕತ್ತಲಲ್ಲಿ ಎಡವುತ್ತಾ ಗಡ್ಡ ಓಡಿಬಂತು.

"ಈ ಮಾತೆಲ್ಲ ಎಲ್ಲಿಂದ ಬಂತು? ನಾವು ಬಹುಮಾನ ಕೊಟ್ಟಿದ್ದು ಇದಕ್ಕಲ್ಲ! ಫಲಕದ ಮೇಲೆ ‘ಮೌನ’ ಅಂತ ಕೆತ್ತಿಸಿ ಆಗಿದೆ ಕಣ್ರೀ! ನನ್ನ ಮರ್ಯಾದೆ ಏನಾಗಬೇಕು? ಈಗಲೇ ಮಾತು ನಿಲ್ಲಿಸಿ! ಬಾಯಿ ಮುಚ್ಚಿಸೋಕೆ ಆಗತ್ತೋ ಇಲ್ವೋ?"

ಎದ್ದು ನಿಂತೆ. ಹಣೆಯಲ್ಲಿ ಬುಗುಟು, ಅಂಗಿಯಲ್ಲಿ ತುಕ್ಕು, ಮಂಡಿಯಲ್ಲಿ ರಕ್ತ. ತೋಳು ಮಡಚಿಕೊಂಡೆ.

"ಆಗತ್ತೆ ಸಾರ್," ಎಂದೆ. "ಆ ಹುಡುಗಿದು ಆಗಲ್ಲ. ನಿಮ್ಮದಾದ್ರೆ ಈಗಲೇ!"